ಮಗಳ ಟ್ಯಾಬ್ಲೆಟ್‌ಗೆ ಇನ್ಶೂರೆನ್ಸ್ ಬೇಕಾ? ಮೊದಲು ಸ್ಕ್ರೀನಿನ ರೇಟು ಕೇಳಿ

ಪ್ರಶ್ನೆ: ನಾವು ಸಾಗರದ ಹತ್ತಿರದ ಹಳ್ಳಿಯವರು. ಮಗಳಿಗೆ ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಸೀಟು ಸಿಕ್ಕಿದೆ, ಪಿಜಿಯಲ್ಲಿ ಇರುತ್ತಾಳೆ. ಡ್ರಾಯಿಂಗಿಗೆ ಬೇಕು ಅಂತ ಪೆನ್ ಸಮೇತ 36,000 ರೂಪಾಯಿಯ ಟ್ಯಾಬ್ಲೆಟ್ ನೋಡಿ ಬಂದಿದ್ದೇವೆ. ಅಂಗಡಿಯವರು, ‘ಇನ್ನೊಂದು 4,499 ಕೊಡಿ, ಎರಡು ವರ್ಷ ಏನೇ ಆದರೂ ಚಿಂತೆ ಇಲ್ಲ, ಇಎಂಐಗೇ ಸೇರಿಸಿಬಿಡ್ತೀವಿ’ ಅನ್ನುತ್ತಿದ್ದಾರೆ. ತೆಗೆದುಕೊಳ್ಳಬೇಕಾ? ಪಿಜಿಯಲ್ಲಿ ಕಳೆದುಹೋದರೆ ದುಡ್ಡು ಬರುತ್ತಾ? ಮಗನ ಹತ್ತಿರ ಒಂದು ಹಳೆಯ ಟ್ಯಾಬ್ಲೆಟ್ ಇದೆ, ಮೂಲೆಯಲ್ಲಿ ಸಣ್ಣ ಬಿರುಕು ಬಿಟ್ಟಿದೆ. ಅದಕ್ಕೂ ಈಗ ಮಾಡಿಸಬಹುದಾ?

ಉತ್ತರ: ‘ಏನೇ ಆದರೂ’ ಅಂದರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಾನು ಎಲೆಕ್ಟ್ರಾನಿಕ್ಸ್ ಸಾಮಾನಿನ ಕ್ಲೇಮ್‌ಗಳ ಸರ್ವೆ, ಅಂದರೆ ಒಡೆದದ್ದಕ್ಕೆ ದುಡ್ಡು ಕೇಳಿ ಬಂದ ಅರ್ಜಿಗಳ ಪರಿಶೀಲನೆ, ಮಾಡುತ್ತಾ ಬಂದವನು. ನನ್ನ ಕೈಗೆ ಬಂದ ಯಾವ ಪ್ಲಾನಿನ ಕಾಗದದಲ್ಲೂ ಆ ಮಾತು ಇರಲಿಲ್ಲ. ಇದ್ದದ್ದು ‘ಇಂಥದ್ದಕ್ಕೆ ಮಾತ್ರ’ ಅನ್ನುವ ಅರ್ಧ ಪುಟ, ‘ಇದಕ್ಕೆ ಇಲ್ಲ’ ಅನ್ನುವ ಎರಡು ಮೂರು ಪುಟ. ನೀವು ಕೊಡುವ 4,499 ರೂಪಾಯಿ ಯಾವುದಕ್ಕೆ ಅನ್ನೋದು ಆ ಅರ್ಧ ಪುಟದಲ್ಲಿದೆ. ಹಾಗಾಗಿ ಅಂಗಡಿಗೆ ಮತ್ತೆ ಹೋದಾಗ ಮೊದಲು ಒಂದೇ ಮಾತು ಕೇಳಿ: ‘ಈ ಪ್ಲಾನಿನ ನಿಯಮಗಳ ಪಿಡಿಎಫ್ ನನ್ನ ವಾಟ್ಸಾಪ್‌ಗೆ ಕಳಿಸಿ.’ ಕಳಿಸಿದರೆ ಮುಂದಿನ ಮಾತು. ‘ಆಮೇಲೆ ಕಳಿಸ್ತೀವಿ, ಮೊದಲು ಬಿಲ್ ಮಾಡಿಸಿ’ ಅಂದರೆ ಪ್ಲಾನ್ ಬೇಡ ಅಂದುಬಿಡಿ. ಟ್ಯಾಬ್ಲೆಟ್ ಬೇಕಿದ್ದರೆ ಅಲ್ಲೇ ತಗೊಳ್ಳಿ, ಅದಕ್ಕೇನೂ ತೊಂದರೆ ಇಲ್ಲ. ಪ್ಲಾನ್ ತೆಗೆದುಕೊಂಡರೆ ಮಾತ್ರ ಟ್ಯಾಬ್ಲೆಟ್ ಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಪಕ್ಕದ ಅಂಗಡಿಗೆ ನಡೆಯಿರಿ.

ಅಂಗಡಿಯಲ್ಲಿ ಎಲ್ಲವನ್ನೂ ‘ಇನ್ಶೂರೆನ್ಸ್’ ಅಂತಲೇ ಕರೆಯುತ್ತಾರೆ. ಆದರೆ ಅದರಲ್ಲಿ ಬೇರೆ ಬೇರೆ ಸರಕು ಇದೆ. ಟ್ಯಾಬ್ಲೆಟ್ ಜೊತೆ ಹೇಗೂ ಬರುವ ಒಂದು ವರ್ಷದ ವಾರಂಟಿ ಕಂಪನಿ ಮಾಡಿದ ತಪ್ಪಿಗೆ ಮಾತ್ರ. ತಾನಾಗಿ ಆಫ್ ಆಗೋದು, ಚಾರ್ಜಿಂಗ್ ನಿಲ್ಲೋದು, ಸ್ಪೀಕರ್ ಸತ್ತುಹೋಗೋದು, ಇಂಥವು. ಎಕ್ಸ್‌ಟೆಂಡೆಡ್ ವಾರಂಟಿ ಅಂದರೆ ಇದೇ ರಕ್ಷಣೆ ಇನ್ನೊಂದು ವರ್ಷ ಮುಂದಕ್ಕೆ, ಅಷ್ಟೇ. ಮಗಳ ಕೈಯಿಂದ ಬಿದ್ದು ಒಡೆದರೆ ಇವೆರಡರಲ್ಲಿ ಯಾವುದೂ ಒಂದು ರೂಪಾಯಿ ಕೊಡುವುದಿಲ್ಲ. ಬಿದ್ದದ್ದಕ್ಕೆ, ನೀರು ಚೆಲ್ಲಿದ್ದಕ್ಕೆ ಬೇಕಾದದ್ದು ಆ್ಯಕ್ಸಿಡೆಂಟಲ್ ಡ್ಯಾಮೇಜ್ ಕವರ್. ಅದರಲ್ಲೂ ಬರೀ ಸ್ಕ್ರೀನ್ ಕವರ್ ಅಂತ ಇನ್ನೊಂದು ಕಡಿಮೆ ಬೆಲೆಯದು ಬರುತ್ತದೆ. ಅದರಲ್ಲಿ ನೀರಿಗೆ ಜಾಗ ಇರುವುದಿಲ್ಲ. ಕಳ್ಳತನದ ಕವರ್ ಮತ್ತೆ ಬೇರೆ. ಅದರ ಕಥೆ ಮುಂದೆ ಹೇಳುತ್ತೇನೆ.

ನಿಮಗೆ ತೋರಿಸಿದ ಪ್ಲಾನ್ ಇವುಗಳಲ್ಲಿ ಯಾವುದು? ಹೆಸರಿನಲ್ಲಿ ಕಂಪ್ಲೀಟ್, ಟೋಟಲ್, ಮ್ಯಾಕ್ಸ್ ಅಂತ ಏನೇ ಇರಲಿ, ನಂಬಬೇಡಿ. ಕಾಗದದಲ್ಲಿ ‘ಆ್ಯಕ್ಸಿಡೆಂಟಲ್ ಆ್ಯಂಡ್ ಲಿಕ್ವಿಡ್ ಡ್ಯಾಮೇಜ್’ ಅಂತ ಇದೆಯಾ ನೋಡಿ. ವಿದ್ಯಾರ್ಥಿಯ ಟ್ಯಾಬ್ಲೆಟ್‌ಗೆ ದುಡ್ಡು ಹಾಕುವುದಾದರೆ ಇದೊಂದಕ್ಕೇ ಹಾಕಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎಕ್ಸ್‌ಟೆಂಡೆಡ್ ವಾರಂಟಿ ಜೊತೆಗೆ ಬಂದರೆ ಬರಲಿ, ಅದಕ್ಕಾಗಿಯೇ ಬೇರೆ ಕೊಡಬೇಡಿ. ಒಳಗಿನ ದೋಷ ಇದ್ದರೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ತಲೆ ಎತ್ತುತ್ತದೆ, ಆಗ ಕಂಪನಿ ವಾರಂಟಿ ಇದ್ದೇ ಇರುತ್ತದೆ.

ಇನ್ನು ಸ್ಕ್ರೀನಿಗೆ ಬರೋಣ. ಟ್ಯಾಬ್ಲೆಟ್ ಅಂದರೆ ಹತ್ತು ಹನ್ನೊಂದು ಇಂಚಿನ ಗಾಜು, ಅದರ ಹಿಂದೆ ತೆಳ್ಳನೆಯ ಅಲ್ಯೂಮಿನಿಯಂ ತಗಡು. ಫೋನ್ ಜೇಬಿನಲ್ಲಿ ಇರುತ್ತದೆ. ಟ್ಯಾಬ್ಲೆಟ್ ಬ್ಯಾಗಿನಲ್ಲಿ ಇರುತ್ತದೆ, ಊಟದ ಡಬ್ಬಿ, ನೀರಿನ ಬಾಟಲಿ, ದಪ್ಪ ಪುಸ್ತಕದ ಜೊತೆ. ಬಸ್ಸಿನಲ್ಲಿ ಆ ಬ್ಯಾಗಿನ ಮೇಲೆ ಇನ್ನೊಂದು ಬ್ಯಾಗು. ಬೀಳದೇ ಇದ್ದರೂ ಒತ್ತಡಕ್ಕೆ ಬಾಗಿ ಒಡೆಯುತ್ತದೆ. ಇನ್ನೊಂದು ವಿಷಯ, ಸ್ವಲ್ಪ ಬೆಲೆಬಾಳುವ ಮಾಡೆಲ್‌ಗಳಲ್ಲಿ ಮೇಲಿನ ಗಾಜು, ಕೆಳಗಿನ ಡಿಸ್‌ಪ್ಲೇ ಎರಡನ್ನೂ ಅಂಟಿಸಿ ಒಂದೇ ಮಾಡಿರುತ್ತಾರೆ. ಚಿತ್ರ ಬರೆಯುವವರಿಗೆ ಇದು ಒಳ್ಳೆಯದು, ಪೆನ್ನಿನ ತುದಿ ಸರಿಯಾಗಿ ಗೆರೆಯ ಮೇಲೇ ಕೂತ ಹಾಗೆ ಇರುತ್ತದೆ. ಆದರೆ ಗಾಜು ಸೀಳಿದರೆ ಡಿಸ್‌ಪ್ಲೇ ಸಮೇತ ಬದಲಿಸಬೇಕು. ಹಾಗೆ ಅಂಟಿಸದ ಮಾಡೆಲ್‌ಗಳಲ್ಲಿ ಬರೀ ಗಾಜು ಬದಲಿಸಿ ಕೊಡುವವರು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತಾರೆ. ವಾರಂಟಿ ಮುಗಿದ ಮೇಲೆ ಅದೂ ಒಂದು ದಾರಿ. ವಾರಂಟಿ ಇರುವಾಗ ಹೊರಗೆ ಬಿಚ್ಚಿಸಿದರೆ ವಾರಂಟಿಯೂ ಹೋಗುತ್ತದೆ, ಪ್ಲಾನೂ ಹೋಗುತ್ತದೆ.

ಆದ್ದರಿಂದ ಪ್ಲಾನಿನ ಬೆಲೆ ನೋಡುವ ಮೊದಲು ಸ್ಕ್ರೀನಿನ ಬೆಲೆ ತಿಳಿದುಕೊಳ್ಳಿ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ, ಮಾಡೆಲ್ ನಂಬರ್ ಹೇಳಿ, ‘ಸ್ಕ್ರೀನ್ ಬದಲಿಸಲು ಜಿಎಸ್‌ಟಿ, ಲೇಬರ್ ಎಲ್ಲ ಸೇರಿ ಎಷ್ಟಾಗುತ್ತೆ?’ ಅಂತ ಕೇಳಿ. ಎರಡು ನಿಮಿಷದ ಕೆಲಸ. ಜಿಎಸ್‌ಟಿ ಶೇಕಡಾ 18 ಇದೆ, ಅದನ್ನು ಬಿಟ್ಟು ಹೇಳಿದರೆ ಲೆಕ್ಕ ತಪ್ಪುತ್ತದೆ.

ಮಾತಿಗೆ 14,000 ಅಂದರು ಅಂತ ಇಟ್ಟುಕೊಳ್ಳಿ. ಪ್ಲಾನ್ 4,499. ಕ್ಲೇಮ್ ಮಾಡಿದಾಗ ಪ್ರತಿ ಸಲ ನೀವು ಕಟ್ಟಬೇಕಾದ ಫೀಸು ಅಂತ ಒಂದಿರುತ್ತದೆ, ಅದು 1,500 ಅಂತ ಇಟ್ಟುಕೊಳ್ಳೋಣ. ಒಡೆದರೆ ಪ್ಲಾನಿನಿಂದ ನಿಮಗೆ ಉಳಿಯುವುದು 14,000ದಲ್ಲಿ 1,500 ಕಳೆದು 12,500. ಇದಕ್ಕೆ 4,499 ಖರ್ಚು. ಅಂದರೆ ಎರಡು ವರ್ಷದಲ್ಲಿ ಒಡೆಯುವ ಸಂಭವ ಮೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಪ್ಲಾನ್ ಲಾಭ, ಕಡಿಮೆ ಇದ್ದರೆ ನಷ್ಟ. ನಾನು ಒಂದು ಸುಲಭದ ಅಳತೆ ಇಟ್ಟುಕೊಂಡಿದ್ದೇನೆ: ಉಳಿಯುವ ದುಡ್ಡು ಪ್ಲಾನಿನ ಬೆಲೆಯ ಮೂರು ಪಟ್ಟು ಆಗಬೇಕು. ಆಗದಿದ್ದರೆ ಬಿಟ್ಟುಬಿಡೋದು. ಈ ಉದಾಹರಣೆಯಲ್ಲಿ ಮೂರು ಪಟ್ಟು ಅಂದರೆ ಸುಮಾರು 13,500. ಸ್ವಲ್ಪದರಲ್ಲಿ ತಪ್ಪಿತು. ಹೀಗೆ ತಕ್ಕಡಿ ಸಮಸಮ ನಿಂತಾಗ ಲೆಕ್ಕ ಬಿಟ್ಟು ಮಗಳನ್ನು ನೋಡಬೇಕು.

ಪಿಯುಸಿಯ ಎರಡು ವರ್ಷದಲ್ಲಿ ಅವಳ ಫೋನಿನ ಗಾಜು ಎಷ್ಟು ಸಲ ಒಡೆದಿದೆ? ಒಂದು ಸಲವೂ ಇಲ್ಲ ಅಂದರೆ 1,000–1,500 ರೂಪಾಯಿಯ ಗಟ್ಟಿ ಕವರ್ ಹಾಕಿಸಿ, ಪ್ಲಾನ್ ಬೇಡ. ಎರಡು ಸಲ ಅಂದರೆ ಪ್ಲಾನ್ ತಗೊಳ್ಳಿ, ಕವರನ್ನೂ ಹಾಕಿಸಿ. ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ನಡು ಸೆಮಿಸ್ಟರಿನಲ್ಲಿ, ಸಬ್ಮಿಷನ್ನಿಗೆ ನಾಲ್ಕು ದಿನ ಇರುವಾಗ ಸ್ಕ್ರೀನ್ ಹೋದರೆ, ಆ ವಾರವೇ 14,000 ಹೊಂದಿಸಲು ನಿಮ್ಮಿಂದ ಆಗುತ್ತಾ? ಅಡಿಕೆ ಕೊಯ್ಲಿಗೆ ಇನ್ನೂ ತಿಂಗಳುಗಟ್ಟಲೆ ಇದ್ದರೆ? ಆಗುವುದಿಲ್ಲ ಅನ್ನುವ ಮನೆಗೆ ಪ್ಲಾನ್ ಬೇಕು, ಲೆಕ್ಕ ಸ್ವಲ್ಪ ಎದುರಾಗಿದ್ದರೂ ಬೇಕು. ಇನ್ಶೂರೆನ್ಸ್ ಇರೋದೇ ಅದಕ್ಕೆ, ಒಂದೇ ಏಟಿಗೆ ಕೊಡಲಾಗದ್ದನ್ನು ಮೊದಲೇ ಸ್ವಲ್ಪ ಕೊಟ್ಟು ತಪ್ಪಿಸಿಕೊಳ್ಳಲು. ಆಗುತ್ತದೆ ಅನ್ನುವವರು ಆ 4,499ನ್ನು ಸಾಸಿವೆ ಡಬ್ಬಿಗೆ ಹಾಕಿಡಿ. ಒಡೆಯದಿದ್ದರೆ ಮೂರನೇ ವರ್ಷಕ್ಕೆ ಅದು ನಿಮ್ಮದೇ.

ಹತ್ತು ಹನ್ನೆರಡು ಸಾವಿರದ ಟ್ಯಾಬ್ಲೆಟ್ ಕೊಳ್ಳುವವರು ಈ ಉತ್ತರ ಓದುತ್ತಿದ್ದರೆ, ನಿಮಗೆ ಪ್ಲಾನ್ ಬೇಡ. ಒಳ್ಳೆಯ ಕವರ್ ಸಾಕು.

ಈಗ ಯಾರ ಪ್ಲಾನ್ ಅನ್ನುವ ಪ್ರಶ್ನೆ. ಟ್ಯಾಬ್ಲೆಟ್ ಮಾಡಿದ ಕಂಪನಿಯದೇ ಪ್ಲಾನ್ ಇದ್ದರೆ ಮೊದಲು ಅದನ್ನು ನೋಡಿ. ಸ್ಯಾಮ್‌ಸಂಗ್ ಕೇರ್ ಪ್ಲಸ್, ಆ್ಯಪಲ್‌ಕೇರ್ ಪ್ಲಸ್ ಇಂಥವು. ಒಡೆದಾಗ ನೀವು ಹೋಗುವುದು ಅದೇ ಕಂಪನಿಯ ಸರ್ವಿಸ್ ಸೆಂಟರ್‌ಗೆ, ಅಲ್ಲೇ ಫೀಸು ಕಟ್ಟಿ ಅಲ್ಲೇ ಕೊಡುತ್ತೀರಿ. ಐಪ್ಯಾಡಿನ ಆ್ಯಪಲ್‌ಕೇರ್ ಪ್ಲಸ್‌ನಲ್ಲಿ ಜೊತೆಗೆ ಬಳಸುವ ಆ್ಯಪಲ್ ಪೆನ್ಸಿಲ್ ಮತ್ತು ಆ್ಯಪಲ್ ಕೀಬೋರ್ಡ್ ಕೂಡ ಸೇರುತ್ತವೆ. ಬ್ಯಾಟರಿ ಮೂಲ ಶಕ್ತಿಯ ಶೇಕಡಾ 80ಕ್ಕಿಂತ ಕೆಳಗಿಳಿದರೆ ಬದಲಿಸಿ ಕೊಡುತ್ತಾರೆ. ಅಂಗಡಿಗಳು, ಆನ್‌ಲೈನ್ ಮಳಿಗೆಗಳು ಮಾರುವ ಪ್ಲಾನ್‌ಗಳಲ್ಲಿ ಪೆನ್ನು, ಚಾರ್ಜರ್, ಕೀಬೋರ್ಡ್ ಸಾಮಾನ್ಯವಾಗಿ ಹೊರಗೆ. ನಿಮ್ಮ ಮಗಳಿಗೆ ಪೆನ್ನೇ ಮುಖ್ಯ ಅಲ್ವಾ? ಹಾಗಾಗಿ ಈ ಒಂದು ಸಾಲನ್ನು ಹುಡುಕಿ ಓದಿ.

ಅಂಗಡಿಯ ಪ್ಲಾನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆಲೆ ಕಡಿಮೆ ಇರಬಹುದು, ಸರಿಯಾಗಿ ಮಾಡಿಕೊಡುವವರೂ ಇದ್ದಾರೆ. ಆದರೆ ಅದರಲ್ಲಿ ನಾಲ್ಕು ವಿಷಯ ಕೆದಕಿ ನೋಡಬೇಕು. ಎಷ್ಟು ಕ್ಲೇಮ್‌ಗೆ ಅವಕಾಶ ಇದೆ? ಕೆಲವು ಪ್ಲಾನ್ ಒಂದು ರಿಪೇರಿಗೇ ಮುಗಿಯುತ್ತವೆ. ಪ್ರತಿ ಸಲ ಕೈಯಿಂದ ಎಷ್ಟು ಕೊಡಬೇಕು? ಬಳಸಿದ ತಿಂಗಳಿಗೆ ತಕ್ಕ ಹಾಗೆ ಸವಕಳಿ ಅಂತ ಕಳೆಯುತ್ತಾರಾ? ರಿಪೇರಿ ಖರ್ಚು ಟ್ಯಾಬ್ಲೆಟ್‌ನ ಬೆಲೆಯ ಹತ್ತಿರ ಬಂದರೆ ಏನು ಮಾಡುತ್ತಾರೆ? ಈ ಕೊನೆಯದು ಮನೆಯವರಿಗೆ ಜಾಸ್ತಿ ನೋವು ಕೊಡುವ ಜಾಗ. ಕಂಪನಿ ‘ರಿಪೇರಿ ಲಾಭದಾಯಕವಲ್ಲ’ ಅಂತ ಬರೆದು, ಸವಕಳಿ ಕಳೆದ ಬೆಲೆಯನ್ನು ಕೈಗಿಟ್ಟು, ಒಡೆದ ಟ್ಯಾಬ್ಲೆಟ್ ತಾನೇ ಇಟ್ಟುಕೊಳ್ಳುತ್ತದೆ. 36,000ದ ಸಾಮಾನಿಗೆ ಎರಡನೇ ವರ್ಷ ಅರ್ಧ ಸವಕಳಿ ಅಂದರೆ ಬರುವುದು 18,000, ಅದರಲ್ಲೂ ಫೀಸು ಕಳೆದು. ಕೆಲವರು ನಗದು ಕೊಡದೆ ಅದೇ ಮಳಿಗೆಯ ವೋಚರ್ ಕೊಡುತ್ತಾರೆ. ತಪ್ಪಲ್ಲ, ಆದರೆ ಕೊಳ್ಳುವಾಗಲೇ ಗೊತ್ತಿರಬೇಕು.

ಇಲ್ಲೇ ಇನ್ನೊಂದು ವ್ಯತ್ಯಾಸ ಹೇಳಿಬಿಡುತ್ತೇನೆ, ಮುಂದೆ ಜಗಳ ಬಂದರೆ ಬೇಕಾಗುತ್ತದೆ. ಅಂಗಡಿಯಲ್ಲಿ ಮಾರುವ ಪ್ಲಾನ್‌ಗಳಲ್ಲಿ ಹಲವು ಕಾನೂನಿನ ಪ್ರಕಾರ ಇನ್ಶೂರೆನ್ಸ್ ಅಲ್ಲ, ಸರ್ವಿಸ್ ಕರಾರು. ಕಾಗದದಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯ ಹೆಸರು, ಪಾಲಿಸಿ ನಂಬರ್ ಇದ್ದರೆ ಅದು ಇನ್ಶೂರೆನ್ಸ್. ಅದರ ಮೇಲೆ ಐಆರ್‌ಡಿಎಐ ಅನ್ನುವ ನಿಯಂತ್ರಣ ಸಂಸ್ಥೆಯ ಕಣ್ಣು ಇರುತ್ತದೆ. ಬರೀ ‘ಪ್ರೊಟೆಕ್ಷನ್ ಪ್ಲಾನ್’ ಅಂತ ಇದ್ದು ಯಾವುದೋ ಸರ್ವಿಸ್ ಕಂಪನಿಯ ಹೆಸರು ಮಾತ್ರ ಇದ್ದರೆ ಅದು ಸರ್ವಿಸ್ ಕರಾರು. ಎರಡಕ್ಕೂ ದೂರು ಕೊಡುವ ಬಾಗಿಲು ಬೇರೆ ಬೇರೆ.

ಇಎಂಐಗೆ ಸೇರಿಸುವ ಮಾತಿಗೆ ಬರುತ್ತೇನೆ. ದಯವಿಟ್ಟು ಸೇರಿಸಬೇಡಿ. ಸೇರಿಸಿದರೆ ಪ್ಲಾನಿನ ದುಡ್ಡೂ ಸಾಲವಾಗುತ್ತದೆ, ಬಡ್ಡಿ ಇದ್ದರೆ ಅದಕ್ಕೂ ಬಡ್ಡಿ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅನ್ನುವ ಒಂದು ಸರಳ ಪಟ್ಟಿ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಸಾಲದ ಜೊತೆ ವಸೂಲಿ ಮಾಡುವ ಇನ್ಶೂರೆನ್ಸಿನಂಥ ಬೇರೆಯವರ ಚಾರ್ಜನ್ನೂ ವಾರ್ಷಿಕ ದರದಲ್ಲಿ ಸೇರಿಸಿ ತೋರಿಸಬೇಕು. ಆ ಹಾಳೆ ಕೇಳಿ ಪಡೆಯಿರಿ. ಅದರಲ್ಲಿ ನೀವು ಒಪ್ಪದ ಒಂದು ಸಾಲು ಕಂಡರೆ ಸಹಿ ಹಾಕುವ ಮೊದಲೇ ತೆಗೆಸಿ. ಆನ್‌ಲೈನಿನಲ್ಲಿ ಕೊಂಡರೂ ಹಾಗೆಯೇ, ಕೊನೆಯ ಪುಟದಲ್ಲಿ ಪ್ಲಾನಿನ ಮುಂದೆ ಮೊದಲೇ ಟಿಕ್ ಹಾಕಿದೆಯಾ ಅಂತ ಕಣ್ಣು ಹಾಯಿಸಿ. ಗ್ರಾಹಕರನ್ನು ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದನ್ನು 2023ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ನಿಷೇಧಿಸಿದೆ. ಟಿಕ್ ತೆಗೆದು ಮುಂದೆ ಹೋಗಿ.

ಬಿಲ್ ಯಾರ ಹೆಸರಿನಲ್ಲಿ? ಮಗಳಿಗೆ 18 ತುಂಬಿದ್ದರೆ ಅವಳ ಹೆಸರಿನಲ್ಲೇ ಮಾಡಿಸಿ. ಒಡೆದಾಗ ಸರ್ವಿಸ್ ಸೆಂಟರಿನಲ್ಲಿ ನಿಲ್ಲುವವಳು ಅವಳು. ಬಿಲ್ ಅಪ್ಪನ ಹೆಸರಿನಲ್ಲಿದ್ದು ಅಪ್ಪ ಸಾಗರದಲ್ಲಿದ್ದರೆ ಒಟಿಪಿ, ಆಧಾರ್, ಸಂಬಂಧದ ಪುರಾವೆ ಅಂತ ಸುಮ್ನೆ ಮೂರು ದಿನ ಹೋಗುತ್ತದೆ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಇರಲೇಬೇಕು. ಅದು ಡಬ್ಬದ ಮೇಲಿನದಕ್ಕೂ ಸೆಟ್ಟಿಂಗ್ಸ್‌ನಲ್ಲಿ ಕಾಣುವುದಕ್ಕೂ ಹೊಂದುತ್ತದಾ ಅಂತ ಅಂಗಡಿಯಲ್ಲೇ, ಕೌಂಟರ್ ಬಿಡುವ ಮೊದಲು ನೋಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಮನೆಯಲ್ಲೇ ಆದ ಒಂದು ಘಟನೆ. ನನ್ನ ಅಕ್ಕನ ಮಗನಿಗೆ ಟ್ಯಾಬ್ಲೆಟ್ ಕೊಡಿಸಿದಾಗ ಪ್ಲಾನಿಗೂ ದುಡ್ಡು ಕಟ್ಟಿದ್ದರು. ಬಿಲ್ಲಿನಲ್ಲಿ ಅದರ ಸಾಲು ಸ್ಪಷ್ಟವಾಗಿ ಇತ್ತು. ಹದಿಮೂರನೇ ತಿಂಗಳಿಗೆ ಹಾಸ್ಟೆಲಿನ ಮೇಲಿನ ಮಂಚದಿಂದ ಟ್ಯಾಬ್ಲೆಟ್ ಬಿತ್ತು. ಚಾರ್ಜರ್ ವೈರು ಕಾಲಿಗೆ ಸಿಕ್ಕಿ ಎಳೆದದ್ದು. ಕ್ಲೇಮ್ ಮಾಡಲು ಫೋನ್ ಮಾಡಿದರೆ ಆ ಕಡೆಯವರು, ‘ಈ ಸೀರಿಯಲ್ ನಂಬರಿಗೆ ನಮ್ಮಲ್ಲಿ ಯಾವ ಪ್ಲಾನೂ ಇಲ್ಲ’ ಅಂದರು. ಅಂಗಡಿಯವರು ದುಡ್ಡು ತೆಗೆದುಕೊಂಡಿದ್ದರು, ಪ್ಲಾನ್ ಆ್ಯಕ್ಟಿವೇಟ್ ಮಾಡಿರಲಿಲ್ಲ. ಆ್ಯಪಿನಲ್ಲಿ ನಂಬರ್ ಹಾಕಿ ಒಂದು ಫೋಟೊ ಏರಿಸುವ ಕೆಲಸ ಅದು, ಗಡುವಿನೊಳಗೆ ಆಗಬೇಕಿತ್ತು. ಅಕ್ಕನಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಕೇಳಬೇಕಾದ ನಾನೂ ಆಗ ಕೇಳಲಿಲ್ಲ, ಅದು ಇವತ್ತಿಗೂ ನನಗೆ ಬೇಸರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಪ್ಲಾನಿನ ದುಡ್ಡು ವಾಪಸ್ ಬಂತು. ಸ್ಕ್ರೀನಿನ ದುಡ್ಡು ಅಕ್ಕನೇ ಕೊಟ್ಟಳು. ಹಾಗಾಗಿ ನಿಮಗೆ ಹೇಳುವುದು: ಪ್ಲಾನ್ ತಗೊಂಡ ಎರಡು ದಿನದೊಳಗೆ ನಿಮ್ಮ ಇಮೇಲ್ ಅಥವಾ ಫೋನಿಗೆ ಪ್ಲಾನಿನ ಸರ್ಟಿಫಿಕೇಟ್ ಬರಬೇಕು, ಅದರಲ್ಲಿ ನಿಮ್ಮ ಸೀರಿಯಲ್ ನಂಬರ್ ಇರಬೇಕು, ಶುರುವಾಗುವ ತಾರೀಕು ಇರಬೇಕು. ಬರದಿದ್ದರೆ ಮೂರನೇ ದಿನ ಅಂಗಡಿಗೆ ಹೋಗಿ ನಿಲ್ಲಿ.

ನಿಮ್ಮ ಎರಡನೇ ಪ್ರಶ್ನೆ, ಪಿಜಿಯಲ್ಲಿ ಕಳೆದುಹೋದರೆ. ನೇರವಾಗಿ ಹೇಳುತ್ತೇನೆ, ದುಡ್ಡು ಬರುವ ಸಂಭವ ತುಂಬಾ ಕಡಿಮೆ.

ಅಪಘಾತದ ಪ್ಲಾನಿನಲ್ಲಿ ಸಾಮಾನ್ಯವಾಗಿ ಕಳ್ಳತನ ಸೇರಿರುವುದಿಲ್ಲ. ಕಳ್ಳತನದ ಕವರ್ ಬೇರೆಯಾಗಿ ತಗೊಂಡರೂ ಸಾಮಾನ್ಯವಾಗಿ ಅದು ಬೀಗ ಒಡೆದು, ಬಾಗಿಲು ಮುರಿದು ಒಳಗೆ ನುಗ್ಗಿದ್ದಕ್ಕೆ, ಇಲ್ಲವೇ ಹೆದರಿಸಿ ಕಿತ್ತುಕೊಂಡದ್ದಕ್ಕೆ. ಪಿಜಿಯಲ್ಲಿ ಹೀಗೆ ಆಗುವುದು ಅಪರೂಪ. ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ತೆರೆದ ರೂಮಿನ ಮೇಜಿನಿಂದ ಹೋಗುತ್ತದೆ. ಆಟೊದಲ್ಲಿ ಮರೆತು ಇಳಿಯುತ್ತಾರೆ. ಲೈಬ್ರರಿಯಲ್ಲಿ ಚಾರ್ಜಿಗೆ ಹಾಕಿ ಟೀ ಕುಡಿಯಲು ಹೋಗುತ್ತಾರೆ. ಇವೆಲ್ಲ ಕಾಗದದ ‘ಇದಕ್ಕೆ ಇಲ್ಲ’ ಪುಟದಲ್ಲಿ ‘ಯಾರೂ ನೋಡಿಕೊಳ್ಳದೆ ಬಿಟ್ಟದ್ದು’, ‘ಕಾರಣ ಹೇಳಲಾಗದ ನಷ್ಟ’ ಅನ್ನುವ ಹೆಸರಿನಲ್ಲಿ ಕೂತಿರುತ್ತವೆ. ಇದರ ಮೇಲೆ ಎಫ್‌ಐಆರ್ ಬೇಕು. ನಮ್ಮ ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ಮನೆಯಿಂದಲೇ ಸಿಗುವ ರಿಪೋರ್ಟು ಕಳೆದುಕೊಂಡ ಸಾಮಾನಿಗೆ, ಅದನ್ನು ಕಳ್ಳತನದ ಕ್ಲೇಮಿಗೆ ಒಪ್ಪುವುದಿಲ್ಲ. ಎಷ್ಟೋ ಸಲ ಪತ್ತೆಯಾಗಲಿಲ್ಲ ಅನ್ನುವ ಪೊಲೀಸರ ಕೊನೆಯ ವರದಿ, ಅಂದರೆ ನಮ್ಮಲ್ಲಿ ಸಿ ರಿಪೋರ್ಟ್ ಅನ್ನುತ್ತಾರಲ್ಲ, ಅದನ್ನೂ ಕೇಳುತ್ತಾರೆ. ಅದು ಬರಲು ತಿಂಗಳುಗಳು ಬೇಕು. ಇಷ್ಟೆಲ್ಲ ಆದ ಮೇಲೆ ಸವಕಳಿ ಕಳೆದು ಕೊಡುತ್ತಾರೆ. ಈ ಕವರಿಗೆ ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ.

ಬದಲಿಗೆ ರೂಮಿನ ಕಪಾಟಿಗೆ ಒಳ್ಳೆಯ ಬೀಗ ತಂದುಕೊಡಿ. ಟ್ಯಾಬ್ಲೆಟ್‌ನಲ್ಲಿ ಪಿನ್ ಹಾಕಿಸಿ, ಕಳೆದ ಸಾಧನ ಹುಡುಕುವ ಸೌಲಭ್ಯ ಮೊದಲ ದಿನವೇ ಆನ್ ಮಾಡಿಸಿ. ಮಾಡೆಲ್ ಆರಿಸುವಾಗ ಒಂದು ವಿಷಯ ನೆನಪಿರಲಿ. ಸಿಮ್ ಹಾಕುವ ಟ್ಯಾಬ್ಲೆಟ್‌ಗೆ ಮೊಬೈಲಿನ ಹಾಗೆ ಐಎಂಇಐ ನಂಬರ್ ಇರುತ್ತದೆ. ಕಳುವಾದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ, ಸಿಇಐಆರ್ ಅನ್ನುವ ವಿಭಾಗದ ಮೂಲಕ, ಆ ನಂಬರನ್ನು ಬ್ಲಾಕ್ ಮಾಡಿಸಬಹುದು. ಕಳ್ಳ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಬರೀ ವೈ-ಫೈ ಮಾಡೆಲ್‌ಗೆ ಐಎಂಇಐ ಇಲ್ಲ, ಆ ದಾರಿಯೂ ಇಲ್ಲ. ಇದಕ್ಕಾಗಿಯೇ ಜಾಸ್ತಿ ಕೊಟ್ಟು ಸಿಮ್ ಮಾಡೆಲ್ ತಗೊಳ್ಳಿ ಅನ್ನುತ್ತಿಲ್ಲ, ಗೊತ್ತಿರಲಿ ಅಂತ ಹೇಳಿದೆ. ಕಳ್ಳತನ ಆಗಿಯೇ ಹೋದರೆ ಹುಡುಗಿ ಯಾವ ಠಾಣೆಗಾದರೂ ಹೋಗಿ ಜೀರೊ ಎಫ್‌ಐಆರ್ ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಆನ್‌ಲೈನಿನಲ್ಲೂ ಮಾಹಿತಿ ಕೊಟ್ಟು ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಲು ಅವಕಾಶ ಇದೆ.

ಒಡೆದಾಗ ಕ್ಲೇಮ್ ಬರೆಯುವುದು ಹೇಗೆ ಅನ್ನೋದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಸರಿಯಾದ ಕ್ಲೇಮ್‌ಗಳೂ ಬಿದ್ದುಹೋಗೋದು ಇಲ್ಲೇ. ಫಾರ್ಮಿನಲ್ಲಿ ‘ಘಟನೆ ಹೇಗಾಯಿತು’ ಅಂತ ಒಂದು ಜಾಗ ಇರುತ್ತದೆ. ಬಿಕಾಂ ಓದುತ್ತಿದ್ದ ಹುಡುಗನೊಬ್ಬ ಅಲ್ಲಿ, ‘ಗೊತ್ತಿಲ್ಲ, ಬೆಳಗ್ಗೆ ನೋಡಿದಾಗ ಒಡೆದಿತ್ತು’ ಅಂತ ಬರೆದಿದ್ದ. ಸತ್ಯವನ್ನೇ ಬರೆದಿದ್ದ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಕಂಪನಿ ತಿರಸ್ಕರಿಸಿತು, ಯಾಕೆಂದರೆ ಅಪಘಾತದ ಕವರ್ ಕೇಳುವುದು ಯಾವಾಗ, ಎಲ್ಲಿ, ಹೇಗೆ ಅನ್ನುವ ಮೂರನ್ನೂ. ಅವನ ರೂಮಿಗೆ ಫೋನ್ ಮಾಡಿ ಕೇಳಿದಾಗ ಜೊತೆಯ ಹುಡುಗ ರಾತ್ರಿ ಕತ್ತಲಲ್ಲಿ ಬ್ಯಾಗಿನ ಮೇಲೆ ಕೂತಿದ್ದು ಗೊತ್ತಾಯಿತು. ಅದನ್ನು ಮೊದಲೇ ಕೇಳಿ ತಿಳಿದು ಬರೆದಿದ್ದರೆ ಕಥೆ ಬೇರೆ ಇರುತ್ತಿತ್ತು. ಒಮ್ಮೆ ಒಂದು ಬರೆದು ಆಮೇಲೆ ಬದಲಿಸಿದ್ದಕ್ಕೆ ಬೆಲೆ ಸಿಗಲಿಲ್ಲ.

ಹಾಗಂತ ಕಥೆ ಕಟ್ಟಬೇಡಿ. ಗಾಜು ನೋಡಿದರೆ ಗೊತ್ತಾಗುತ್ತದೆ. ಬಿದ್ದ ಟ್ಯಾಬ್ಲೆಟ್‌ನ ಮೂಲೆ ಅಥವಾ ಅಂಚು ಜಜ್ಜಿರುತ್ತದೆ, ಬಿರುಕು ಆ ಏಟಿನ ಜಾಗದಿಂದ ಜೇಡರ ಬಲೆಯ ಹಾಗೆ ಹರಡಿರುತ್ತದೆ. ಒತ್ತಡಕ್ಕೆ ಒಡೆದದ್ದರಲ್ಲಿ ಮೂಲೆ ಸರಿಯಾಗಿರುತ್ತದೆ, ಬಿರುಕು ನಡುವಿನಿಂದ ಹೊರಟಿರುತ್ತದೆ, ಬೆನ್ನು ಸ್ವಲ್ಪ ಬಾಗಿರುತ್ತದೆ. ನೀರು ಹೋಗಿದ್ದರೆ ಒಳಗಿನ ಪುಟ್ಟ ಬಿಳಿ ಸ್ಟಿಕ್ಕರ್ ಕೆಂಪಾಗಿರುತ್ತದೆ. ‘ಕೈಜಾರಿ ಬಿತ್ತು’ ಅಂತ ಬರೆದು ನಡುವಿನಿಂದ ಸೀಳಿದ ಟ್ಯಾಬ್ಲೆಟ್ ಕಳಿಸಿದರೆ ಕ್ಲೇಮ್ ಹೋಗುತ್ತದೆ. ಬ್ಯಾಗಿನಲ್ಲಿ ಒತ್ತಿ ಒಡೆದಿದ್ದರೆ ಹಾಗೆಯೇ ಬರೆಯಿರಿ, ಅದೂ ಅಪಘಾತವೇ. ಒಡೆದ ತಕ್ಷಣ, ಮುಟ್ಟಿ ಸರಿ ಮಾಡುವ ಮೊದಲು, ಎದುರು, ಬೆನ್ನು, ನಾಲ್ಕೂ ಮೂಲೆಯ ಫೋಟೊ ತೆಗೆಯಲು ಮಗಳಿಗೆ ಹೇಳಿ. ತಿಳಿಸಲು ಗಡುವು ಇರುತ್ತದೆ, ಕೆಲವು ಪ್ಲಾನ್‌ಗಳಲ್ಲಿ ಎರಡೇ ದಿನ. ಪರೀಕ್ಷೆ ಮುಗಿಯಲಿ, ಊರಿಗೆ ಬಂದಾಗ ನೋಡೋಣ ಅಂತ ಮುಂದೂಡಬಾರದು. ನೀರು ಬಿದ್ದರೆ ಆಫ್ ಮಾಡಿ ಒರೆಸಿ ಇಡಬೇಕು, ಚಾರ್ಜಿಗೆ ಹಾಕಲೇಬಾರದು.

ಯಾವ ಪ್ಲಾನೂ ತಂದುಕೊಡದ ಒಂದು ವಸ್ತು ಅದರೊಳಗಿನ ಕೆಲಸ. ಆರ್ಕಿಟೆಕ್ಚರ್ ಓದುವವರಿಗೆ ಶೀಟುಗಳೇ ಆಸ್ತಿ. ಸರ್ವಿಸ್ ಸೆಂಟರಿನಲ್ಲಿ ಎಲ್ಲ ಅಳಿಸಿ ಕೊಡುವುದುಂಟು. ಐಪ್ಯಾಡ್ ಆದರೆ ರಿಪೇರಿ ಬದಲು ಬೇರೆ ಯೂನಿಟ್ಟನ್ನೇ ಕೈಗಿಡುವುದೂ ಸಾಮಾನ್ಯ. ಗೂಗಲ್‌ನಲ್ಲಿ 15 ಜಿಬಿ, ಐಕ್ಲೌಡ್‌ನಲ್ಲಿ 5 ಜಿಬಿ ಉಚಿತ. ಡ್ರಾಯಿಂಗ್ ಫೈಲ್‌ಗಳು ದೊಡ್ಡವು, ಒಂದೆರಡು ಸೆಮಿಸ್ಟರಿಗೆ ತುಂಬಿಬಿಡುತ್ತವೆ. ಪ್ಲಾನಿಗೆ ದುಡ್ಡು ಹಾಕದಿದ್ದರೂ ಒಂದು ಒಳ್ಳೆಯ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಕೊಡಿಸಿ, ಪ್ರತಿ ಭಾನುವಾರ ಕಾಪಿ ಮಾಡುವ ರೂಢಿ ಹಾಕಿಸಿ.

ಕ್ಲೇಮ್ ತಿರಸ್ಕಾರವಾದರೆ? ಕಾರಣವನ್ನು ಬರಹದಲ್ಲಿ ಕೇಳಿ. ಇನ್ಶೂರೆನ್ಸ್ ಆಗಿದ್ದರೆ ಮೊದಲು ಆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಇಂಥ ದೂರು ಕೇಳಿ ತೀರ್ಮಾನ ಕೊಡುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸು ಇಲ್ಲ, ವಕೀಲರೂ ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು. ಐಆರ್‌ಡಿಎಐ ದೂರು ನಂಬರ್ 155255. ಸರ್ವಿಸ್ ಕರಾರು ಆಗಿದ್ದರೆ ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಆಗ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಕಾನೂನು ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದ ಅವಧಿ ಇದೆ.

ಮಗನ ಹಳೆಯ ಟ್ಯಾಬ್ಲೆಟ್ ವಿಷಯ ಬಾಕಿ ಉಳಿಯಿತು. ಬಿರುಕು ಬಿಟ್ಟದ್ದಕ್ಕೆ ಈಗ ಪ್ಲಾನ್ ಸಿಗುವುದಿಲ್ಲ. ಕಂಪನಿಯ ಪ್ಲಾನ್‌ಗಳನ್ನು ಹೊಸದಾಗಿ ಕೊಂಡ ಕೆಲವು ದಿನದೊಳಗೇ ತಗೊಳ್ಳಬೇಕು. ತಡವಾಗಿ ಕೊಡುವವರು ಸ್ಕ್ರೀನಿನ ಫೋಟೊ, ಕೆಲವೊಮ್ಮೆ ಕನ್ನಡಿ ಮುಂದೆ ಹಿಡಿದ ವಿಡಿಯೊ ಕೇಳುತ್ತಾರೆ, ಹಳೆಯ ಬಿರುಕು ಅಲ್ಲೇ ಸಿಗುತ್ತದೆ. ಯಾರಾದರೂ ‘ಪರವಾಗಿಲ್ಲ, ಬಿರುಕು ಇದ್ದರೂ ಮಾಡಿಕೊಡ್ತೀವಿ’ ಅಂದರೆ ದುಡ್ಡು ಕೊಡಬೇಡಿ, ಕ್ಲೇಮ್ ದಿನ ಅದೇ ಬಿರುಕನ್ನು ತೋರಿಸಿ ಕೈಬಿಡುತ್ತಾರೆ. ಬಿರುಕಿನ ಮೇಲೆ ಒಂದು ಟೆಂಪರ್ಡ್ ಗ್ಲಾಸ್ ಅಂಟಿಸಿ. ಬಿರುಕು ಇನ್ನಷ್ಟು ಹರಡುವುದು ತಡವಾಗುತ್ತದೆ, ಹುಡುಗನ ಬೆರಳಿಗೆ ಗಾಜಿನ ಚೂರೂ ಚುಚ್ಚುವುದಿಲ್ಲ.